ಕೊಳಚೆಗೆ ಹೆಪ್ಪು ಹಾಕಿದವರು

1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗ ನಾವು ಐಐಎಸ್‌ಸಿ ಅನ್ನೋ ಸಂಸ್ಥೆಗೆ, ಮ್ಯಾಂಚೆಸ್ಟರಿನಿಂದ ಒಬ್ಬ ಪ್ರೊಫೆಸರ್ ಬಂದರು. ಹೆಸರು ಗಿಲ್ಬರ್ಟ್ ಫೌಲರ್. ಓದಿದ್ದು ರಸಾಯನಶಾಸ್ತ್ರ, ಆದರೆ ಅವರ ನಿಜವಾದ ಕಸುಬು ಕೊಳಚೆ ನೀರು. ಆಗ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಅವರೂ ಈ ಕಸುಬಿಗೆ ಹೊಸಬರಲ್ಲ. ಕೆಆರ್‌ಎಸ್ ಕಟ್ಟಿಸಿದವರು ಅಂತ ಎಲ್ಲರಿಗೂ ಗೊತ್ತು, ಅದಕ್ಕೂ ಮುಂಚೆ ಬೊಂಬಾಯಿ ಸರ್ಕಾರದಲ್ಲಿ ಸ್ಯಾನಿಟರಿ ಎಂಜಿನಿಯರ್ ಆಗಿದ್ದರು, ಏಡನ್ ಊರಿನ ನೀರು ಚರಂಡಿಗಳ ಯೋಜನೆಗೂ ಹೋಗಿ ಬಂದಿದ್ದರು ಅನ್ನೋದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಫೌಲರ್ ಇಲ್ಲಿಗೆ ಬರೋ ಎರಡು ವರ್ಷ ಮೊದಲು ಅವರ ಸಲಹೆಯ ಮೇಲೆ ಮ್ಯಾಂಚೆಸ್ಟರಿನಲ್ಲಿ ಒಂದು ಪ್ರಯೋಗ ನಡೆದಿತ್ತು. ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಗಲೂ ರಾತ್ರಿ ಗುಂಯ್ ಅಂತ ಸದ್ದು ಮಾಡೋ ಎಸ್‌ಟಿಪಿ ಇದೆಯಲ್ಲ, ಅದರೊಳಗೆ ನಡೆಯೋದು ಆ ಪ್ರಯೋಗವೇ, ಇಲ್ಲಾಂದ್ರೆ ಅದರ ಮಕ್ಕಳು ಮೊಮ್ಮಕ್ಕಳು. ಹೆಸರು ಆಕ್ಟಿವೇಟೆಡ್ ಸ್ಲಡ್ಜ್.

ನಾನು ಬಿಇ ಓದುವಾಗ ಎಲ್ಲ ಬ್ರಾಂಚಿನವರಿಗೂ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತು. ಎಂ.ಸಿ. ಮೆಹ್ತಾ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರವನ್ನ ಕಡ್ಡಾಯವಾಗಿ ಕಲಿಸಿ ಅಂದಿದ್ದರ ಫಲ ಅದು. ಹಿಂದಿನ ರಾತ್ರಿ ಓದಿ ಪಾಸಾಗೋ ಪೇಪರ್. ಓಝೋನ್ ಪದರ, ಆಮ್ಲ ಮಳೆ, ಚಿಪ್ಕೋ ಚಳವಳಿ ಎಲ್ಲ ಇತ್ತು. ನಾವು ಟಾಯ್ಲೆಟ್ಟಿನ ಫ್ಲಶ್ ಒತ್ತಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತೆ, ಅಲ್ಲಿ ಅದಕ್ಕೆ ಯಾರು ಏನು ಮಾಡ್ತಾರೆ ಅನ್ನೋದು ಇರಲಿಲ್ಲ.

ಇದನ್ನ ವಿಶ್ವವಿದ್ಯಾಲಯದಲ್ಲಿ ಒಂದು ವಿದ್ಯೆ ಅಂತ ಕಲಿಸೋಕೆ ಶುರುವಾಗಿದ್ದು ಹೇಗೆ ಅಂತ ಹುಡುಕಿಕೊಂಡು ಹೋದರೆ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಮೆರಿಮ್ಯಾಕ್ ಅನ್ನೋ ನದಿಯ ದಂಡೆಗೆ ಹೋಗಬೇಕು. ಆ ನದಿಯ ಮೇಲೆ ಎರಡು ಬಟ್ಟೆ ಗಿರಣಿಯ ಊರುಗಳು. ಮೇಲೆ ಲೋವೆಲ್, ಕೆಲವು ಮೈಲಿ ಕೆಳಗೆ ಲಾರೆನ್ಸ್. ಲೋವೆಲ್‌ನವರ ಚರಂಡಿ ನದಿಗೆ, ಲಾರೆನ್ಸ್‌ನವರ ಕುಡಿಯೋ ನೀರು ಅದೇ ನದಿಯಿಂದ. ಮೇಲಿನ ಹೊಲದವನು ಬಿಟ್ಟ ನೀರು ಕೆಳಗಿನ ಹೊಲದವನಿಗೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಜಗಳ. ಅಲ್ಲಿ ಆ ಜಗಳದ ಜೊತೆಗೆ ಟೈಫಾಯ್ಡೂ ಹರಿದು ಬರ್ತಿತ್ತು.

ಆ ರಾಜ್ಯದ ಆರೋಗ್ಯ ಮಂಡಳಿ 1887ರಲ್ಲಿ ಲಾರೆನ್ಸ್‌ನಲ್ಲಿ ನದಿ ದಂಡೆಯ ಮೇಲೆ ಒಂದು ಪ್ರಯೋಗ ಕೇಂದ್ರ ತೆರೆಯಿತು. ಅದರ ಹಿಂದಿದ್ದವರು ಹೈರಮ್ ಮಿಲ್ಸ್ ಅನ್ನೋ ಎಂಜಿನಿಯರ್. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬೇರೆ ಬೇರೆ ನಮೂನೆಯ ಮರಳು ತುಂಬಿ, ಮೇಲಿಂದ ಊರಿನ ಕೊಳಚೆ ಸುರಿದು, ಕೆಳಗೆ ಏನು ಬರುತ್ತೆ ಅಂತ ನೋಡೋ ಕೆಲಸ. ಕೇಳೋಕೆ ಇಷ್ಟೇ. ಆದರೆ ಆ ಕೆಲಸಕ್ಕೆ ಮಿಲ್ಸ್ ಜೊತೆ ಕೈಜೋಡಿಸಿದವರನ್ನ ನೋಡಿ: ಎಂಐಟಿಯಿಂದ ರಸಾಯನಶಾಸ್ತ್ರಜ್ಞ ಥಾಮಸ್ ಡ್ರೌನ್, ಜೀವಶಾಸ್ತ್ರಜ್ಞ ವಿಲಿಯಂ ಸೆಜ್‌ವಿಕ್, ಜೊತೆಗೆ ಎಲೆನ್ ಸ್ವಾಲೋ ರಿಚರ್ಡ್ಸ್.

ಎಲೆನ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಎಂಐಟಿಗೆ ಸೇರಿದ ಮೊದಲ ಹೆಣ್ಣುಮಗಳು ಅವರು, 1870ರ ಕೊನೆಗೆ ಸೀಟು ಸಿಕ್ಕಿತು. ಫೀಸು ತಗೊಳ್ಳಲಿಲ್ಲ. ಬಡವಿ ಅನ್ನೋ ಕರುಣೆಗೆ ಅಂತ ಎಲೆನ್ ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಯಾರಾದರೂ ತಕರಾರು ತೆಗೆದರೆ 'ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ' ಅನ್ನೋಕೆ ಅನುಕೂಲ ಇರಲಿ ಅಂತ ಹಾಗೆ ಮಾಡಿದ್ದಂತೆ. 1873ರಲ್ಲಿ ಪದವಿ ಪಡೆದರು. 1884ರಲ್ಲಿ ಎಂಐಟಿಯಲ್ಲಿ ನೀರು, ಗಾಳಿ, ಆಹಾರ ಪರೀಕ್ಷೆ ಕಲಿಸೋ ಸ್ಯಾನಿಟರಿ ಕೆಮಿಸ್ಟ್ರಿ ಲ್ಯಾಬ್ ಶುರುವಾದಾಗ ಅದರಲ್ಲಿ ಪಾಠ ಹೇಳೋಕೆ ನಿಂತವರು, 1911ರಲ್ಲಿ ತೀರಿಕೊಳ್ಳೋವರೆಗೂ ಅದೇ ಕೆಲಸ ಮಾಡಿದರು. ಪ್ರೊಫೆಸರ್ ಅನ್ನೋ ಹುದ್ದೆ ಮಾತ್ರ ಕೊನೆಗೂ ಕೊಡಲಿಲ್ಲ.

ಇಡೀ ರಾಜ್ಯದ ಕೆರೆ ಬಾವಿ ಹೊಳೆಗಳಿಂದ ಸಾವಿರಗಟ್ಟಲೆ ನೀರಿನ ಮಾದರಿಗಳು ಅವರ ಲ್ಯಾಬಿಗೆ ಬರ್ತಿದ್ದವು. ಆ ಅಂಕಿಗಳಿಂದ ತಯಾರಾದ ಒಂದು ನಕ್ಷೆ ಇದೆ, ನೋಡಿದರೆ ಖುಷಿಯಾಗುತ್ತೆ. ಅದು ನೀರಿನಲ್ಲಿರೋ ಉಪ್ಪಿನ ನಕ್ಷೆ. ಸಮುದ್ರದ ಹತ್ತಿರದ ಊರುಗಳ ನೀರಲ್ಲಿ ಗಾಳಿಯಿಂದ ಬಂದ ಉಪ್ಪು ಸಹಜವಾಗಿಯೇ ಜಾಸ್ತಿ, ಒಳನಾಡಿಗೆ ಹೋದಂತೆ ಕಮ್ಮಿ. ಹಾಗಾಗಿ ಯಾವ ಊರಲ್ಲಿ ಎಷ್ಟಿರಬೇಕು ಅಂತ ಗೆರೆ ಎಳೆದುಬಿಡಬಹುದು. ನಿಮ್ಮೂರಿನ ಬಾವಿಯಲ್ಲಿ ಆ ಗೆರೆಗಿಂತ ಜಾಸ್ತಿ ಉಪ್ಪು ಸಿಕ್ಕಿದರೆ ಅದು ಸಮುದ್ರದ್ದಲ್ಲ, ಮನುಷ್ಯರ ಉಚ್ಚೆಯದು. ಎಲ್ಲೋ ಕಕ್ಕಸು ಗುಂಡಿ ಸೋರ್ತಾ ಇದೆ ಅಂತ ಅರ್ಥ. ಬ್ಯಾಕ್ಟೀರಿಯಾ ಹುಡುಕೋ ವಿದ್ಯೆ ಇನ್ನೂ ಅಂಬೆಗಾಲಿಡ್ತಿದ್ದ ಕಾಲದಲ್ಲಿ ಉಪ್ಪು ಅಳೆದು ಹೊಲಸು ಕಂಡುಹಿಡಿದರು. ನಮ್ಮ ಕಡೆಯ ಡೇಟಾ ಸೈನ್ಸಿನವರು ಒಂದು ಸಲ ಆ ನಕ್ಷೆ ನೋಡಬೇಕು.

1889ರಲ್ಲಿ ಎಂಐಟಿಯಲ್ಲಿ ಸ್ಯಾನಿಟರಿ ಎಂಜಿನಿಯರಿಂಗ್ ಅನ್ನೋ ಪ್ರತ್ಯೇಕ ಕೋರ್ಸೇ ಶುರುವಾಯಿತು. ಬರೀ ಪೈಪು ಹಾಕೋದು ಕಲಿತರೆ ಸಾಲದು, ಎಂಜಿನಿಯರ್ ಆಗೋನಿಗೆ ರಸಾಯನಶಾಸ್ತ್ರವೂ ಬ್ಯಾಕ್ಟೀರಿಯಾ ಶಾಸ್ತ್ರವೂ ಬರಬೇಕು ಅನ್ನೋದು ಅದರ ತಳಹದಿ. ಲಾರೆನ್ಸಿನ ತೊಟ್ಟಿಗಳೇ ಇದಕ್ಕೆ ಬೇಕಾದ ಸಾಕ್ಷಿ ಕೊಟ್ಟಿದ್ದವು. ಕೊಳಚೆಯನ್ನ ಮರಳಿನ ಮೇಲೆ ಬಿಡದೆ ಸುರಿದರೆ ಮರಳು ಕಟ್ಟಿಕೊಂಡು ನಾತ ಹೊಡೀತಿತ್ತು. ಸ್ವಲ್ಪ ಸುರಿದು, ಬಿಟ್ಟು, ಮರಳಿಗೆ ಉಸಿರಾಡೋಕೆ ಬಿಡುವು ಕೊಟ್ಟು ಮತ್ತೆ ಸುರಿದರೆ ಕೆಳಗೆ ತಿಳಿನೀರು. ಅದರಲ್ಲಿ ಅಮೋನಿಯ ಹೋಗಿ ನೈಟ್ರೇಟ್ ಆಗಿರ್ತಿತ್ತು. ಅಂದ್ರೆ ಮರಳು ಸೋಸುವ ಜರಡಿ ಆಗಿ ಕೆಲಸ ಮಾಡ್ತಿದ್ದದ್ದು ಕಮ್ಮಿ, ಕಾಳು ಕಾಳಿಗೂ ಅಂಟಿಕೊಂಡಿದ್ದ ಸೂಕ್ಷ್ಮಜೀವಿಗಳು ಹೊಲಸನ್ನ ತಿಂದು ಅರಗಿಸಿಕೊಳ್ತಿದ್ದವು.

1890-91ರ ಚಳಿಗಾಲದಲ್ಲಿ ಮೊದಲು ಲೋವೆಲ್‌ನಲ್ಲಿ, ಹಿಂದೆಯೇ ಲಾರೆನ್ಸ್‌ನಲ್ಲಿ ಟೈಫಾಯ್ಡ್ ಎದ್ದಿತು. ಸೆಜ್‌ವಿಕ್ ಮನೆಮನೆಯ ಲೆಕ್ಕ ಹಿಡಿದು ಅದು ನದಿ ನೀರಿನಲ್ಲೇ ಇಳಿದು ಬಂದಿದ್ದು ಅಂತ ತೋರಿಸಿದರು. 1893ರಲ್ಲಿ ಮಿಲ್ಸ್ ಸುಮಾರು ಎರಡೂವರೆ ಎಕರೆಯ ಒಂದು ಮರಳಿನ ಫಿಲ್ಟರ್ ಕಟ್ಟಿಸಿದರು. ಲಾರೆನ್ಸಿನಲ್ಲಿ ಟೈಫಾಯ್ಡಿನಿಂದ ಸಾಯೋರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಧಡಕ್ಕನೆ ಇಳಿಯಿತು. ಅಷ್ಟರಲ್ಲಿ ಆ ಕೇಂದ್ರದಿಂದ ಹುಡುಗರು ಹೊರಬರೋಕೆ ಶುರುವಾಗಿತ್ತು. ಇನ್ನೂ ಇಪ್ಪತ್ತು ತುಂಬದ ಅಲೆನ್ ಹೇಜನ್ ಕೈಗೆ ಕೇಂದ್ರದ ಉಸ್ತುವಾರಿಯನ್ನೇ ಕೊಟ್ಟಿದ್ದರು. ಸಿವಿಲ್ ಓದಿದ ಗೆಳೆಯರು ಪೈಪಿನ ಲೆಕ್ಕಕ್ಕೆ ಬಳಸೋ ಹೇಜನ್-ವಿಲಿಯಮ್ಸ್ ಸೂತ್ರದ ಹೇಜನ್ ಅವರೇ.

ಇನ್ನೊಬ್ಬ ಹುಡುಗ ಜಾರ್ಜ್ ಫುಲ್ಲರ್, ಎಂಐಟಿಯಲ್ಲಿ ಓದಿ ಲಾರೆನ್ಸಿನಲ್ಲಿ ಪಳಗಿದವರು. ಒಹಾಯೊ ನದಿಯ ಬಗ್ಗಡ ನೀರಿಗೆ ನಿಧಾನದ ಮರಳು ಫಿಲ್ಟರ್ ನಡೆಯಲ್ಲ, ಬೇಗ ಕಟ್ಟಿಕೊಳ್ಳುತ್ತೆ. ಅದಕ್ಕೆ 1895ರಿಂದ ಎರಡು ವರ್ಷ ಲೂಯಿವಿಲ್ ಊರಿನಲ್ಲಿ ಫಿಲ್ಟರ್ ಕಂಪನಿಗಳ ಯಂತ್ರಗಳನ್ನ ಪಕ್ಕಪಕ್ಕದಲ್ಲಿ ಓಡಿಸಿ ಪರೀಕ್ಷೆ ಮಾಡಿದರು. ಮೊದಲು ಪಟಿಕ ಹಾಕಿ ಕೆಸರನ್ನ ಗಂಟು ಕಟ್ಟಿಸಿ ಆಮೇಲೆ ಸೋಸಬೇಕು ಅನ್ನೋದು ಅಲ್ಲಿ ಖಾತ್ರಿಯಾಯಿತು. ಹಳ್ಳಿಯಲ್ಲಿ ಚಿಲ್ಲದ ಬೀಜ ತೇಯ್ದು ಗಡಿಗೆ ನೀರು ತಿಳಿ ಮಾಡ್ತಿದ್ದ ಅಜ್ಜಿಯರಿಗೆ ಇದರ ಅರ್ಧ ಮೊದಲೇ ಗೊತ್ತಿತ್ತು ಅನ್ನಿ. ಆ ಪರೀಕ್ಷೆಯಲ್ಲಿ ಇದ್ದ ಕಂಪನಿಗಳಲ್ಲಿ ಒಂದರ ಹೆಸರು ಜುವೆಲ್. ಮಲ್ಲೇಶ್ವರದ ಕಡೆ ಓಡಾಡೋರಿಗೆ ಜಲಮಂಡಳಿಯ 'ಜುವೆಲ್ ಫಿಲ್ಟರ್' ಅನ್ನೋ ಜಾಗ ಗೊತ್ತಿರಬೇಕು. ಆ ಹೆಸರಿಗೂ ಒಡವೆಗೂ ಸಂಬಂಧ ಇಲ್ಲ, ಅದು ಫಿಲ್ಟರ್ ಕಂಪನಿಯವನ ಮನೆ ಹೆಸರು.

ಈಗ ಫೌಲರ್ ಹತ್ತಿರ ಬರೋಣ. ಮ್ಯಾಂಚೆಸ್ಟರ್ ಆಗ ಹತ್ತಿ ಗಿರಣಿಗಳ ರಾಜಧಾನಿ. ಊರಿನ ಕೊಳಚೆಯೆಲ್ಲ ಡೇವಿಹಲ್ಮ್ ಅನ್ನೋ ಕಡೆ ಶುದ್ಧೀಕರಣಕ್ಕೆ ಬರ್ತಿತ್ತು. 1912ರ ಕೊನೆಗೆ ಫೌಲರ್ ನ್ಯೂಯಾರ್ಕ್ ಬಂದರಿನ ಮಾಲಿನ್ಯದ ವಿಷಯಕ್ಕೆ ಅಮೆರಿಕಕ್ಕೆ ಹೋದವರು ಲಾರೆನ್ಸಿಗೂ ಹೋದರು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಅನ್ನೋರು ಕೊಳಚೆ ತುಂಬಿದ ಪಾತ್ರೆಗಳಿಗೆ ಗಾಳಿ ಊದಿ ನೋಡ್ತಿದ್ದರು. ಒಳಗೆ ಪಾಚಿಯಂಥ ಬೆಳವಣಿಗೆ, ನೀರು ತಿಳಿ. ಮರಳೇ ಇಲ್ಲದೆ! ಫೌಲರ್ ವಾಪಸ್ ಬಂದು ಡೇವಿಹಲ್ಮ್‌ನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ನೀವೂ ಮಾಡಿ ನೋಡಿ ಅಂದರು.

ಅವರು ಬಾಟಲಿಯಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಬೆಳಕು ಬಿದ್ದು ಪಾಚಿ ಕಟ್ಟದೆ ಇರಲಿ ಅಂತ ಸುತ್ತ ಕಂದು ಕಾಗದ ಸುತ್ತಿದರು. ಮೊದಲ ಸಲ ಕೊಳಚೆ ಪೂರ್ತಿ ಶುದ್ಧ ಆಗೋಕೆ ಸುಮಾರು ಐದು ವಾರ ಬೇಕಾಯಿತು. ಐದು ವಾರ ಅಂದರೆ ಯಾವ ಊರಿಗೂ ಉಪಯೋಗಕ್ಕೆ ಬಾರದ ಮಾತು. ಅಷ್ಟು ದಿನದ ಕೊಳಚೆ ಹಿಡಿದಿಡೋ ತೊಟ್ಟಿ ಎಲ್ಲಿಂದ ತರೋದು? ಇಲ್ಲಿಗೆ ಬೇರೆಯವರು ಬಾಟಲಿ ತೊಳೆದು ಇಟ್ಟುಬಿಡ್ತಿದ್ದರೇನೋ. ಇವರು ಮೇಲಿನ ತಿಳಿನೀರು ಮಾತ್ರ ಬಗ್ಗಿಸಿ, ತಳದಲ್ಲಿ ಕೂತಿದ್ದ ಕಂದು ಗಸಿಯನ್ನ ಹಾಗೇ ಬಿಟ್ಟು, ಅದರ ಮೇಲೆ ಹೊಸ ಕೊಳಚೆ ಸುರಿದರು. ಈ ಸಲ ಬೇಗ ಆಯಿತು. ಮತ್ತೆ ಬಗ್ಗಿಸಿದರು, ಮತ್ತೆ ಸುರಿದರು. ಪ್ರತಿ ಸಲ ಗಸಿ ಜಾಸ್ತಿಯಾಗ್ತಾ, ಸಮಯ ಕಮ್ಮಿಯಾಗ್ತಾ ಬಂದು ಐದು ವಾರದ್ದು ಒಂದು ದಿನಕ್ಕೆ ಇಳಿಯಿತು, ಆಮೇಲೆ ಕೆಲವೇ ಗಂಟೆಗಳಿಗೆ.

ನಮ್ಮ ಅಮ್ಮಂದಿರಿಗೆ ಇದನ್ನ ಒಂದೇ ಮಾತಲ್ಲಿ ಹೇಳಬಹುದು. ಕೊಳಚೆಗೆ ಹೆಪ್ಪು ಹಾಕಿದರು. ನಿನ್ನೆಯ ಮೊಸರು ಒಂದು ಚಮಚ ಉಳಿಸಿದರೆ ಇವತ್ತಿನ ಹಾಲು ಬೆಳಗಾಗೋದರೊಳಗೆ ಹೆಪ್ಪಾಗುತ್ತೆ. ಅಲ್ಲಿಯವರೆಗೆ ಎಲ್ಲರೂ ಹೂಳು ಅಂತ ಎತ್ತಿ ಹೊರಗೆ ಹಾಕ್ತಿದ್ದದ್ದರಲ್ಲೇ ಕೆಲಸ ಕಲಿತ ಸೂಕ್ಷ್ಮಜೀವಿಗಳ ಸಂಸಾರ ಇತ್ತು. 1914ರ ಏಪ್ರಿಲ್ 3ರಂದು ಆರ್ಡರ್ನ್ ಮತ್ತು ಲಾಕೆಟ್ ಮ್ಯಾಂಚೆಸ್ಟರಿನಲ್ಲಿ ಈ ಪ್ರಬಂಧ ಓದಿದರು. ಆ ಗಸಿಗೆ ಅವರಿಟ್ಟ ಹೆಸರೇ ಆಕ್ಟಿವೇಟೆಡ್ ಸ್ಲಡ್ಜ್. ಕೆಲವು ತಿಂಗಳಲ್ಲಿ ಮಹಾಯುದ್ಧ ಶುರುವಾಯಿತು, ಆದರೂ 1916ರ ಹೊತ್ತಿಗೆ ಇಂಗ್ಲೆಂಡಿನ ವೂಸ್ಟರ್ ಊರಿನಲ್ಲಿ ದೊಡ್ಡ ಘಟಕ ಓಡ್ತಿತ್ತು.

ದುಡ್ಡಿನ ವಿಷಯ ಬಂದ ಮೇಲೆ ಪೇಟೆಂಟೂ ಬಂತು. ಜೋನ್ಸ್ ಅಂಡ್ ಆಟ್‌ವುಡ್ ಅನ್ನೋ ಕಂಪನಿ ಹಕ್ಕು ಹಿಡಿದು ಕೂತಿತು. ಶಿಕಾಗೊ, ಮಿಲ್ವಾಕಿ ನಗರಗಳ ಮೇಲೆ ದಾವೆ ಬಿತ್ತು. ಮಿಲ್ವಾಕಿಯವರು ಆ ಗಸಿಯನ್ನೇ ಒಣಗಿಸಿ 1926ರಿಂದ ಮಿಲೋರ್ಗನೈಟ್ ಅಂತ ಗೊಬ್ಬರ ಮಾರ್ತಿದ್ದವರು, ಕೇಸಿನಲ್ಲಿ ಸೋತರು. ಆದರೆ 1934ರಲ್ಲಿ ಮೇಲ್ಮನವಿ ಕೋರ್ಟು ಘಟಕ ನಿಲ್ಲಿಸಿ ಅಂತ ಆದೇಶ ಕೊಡೋಕೆ ಒಪ್ಪಲಿಲ್ಲ. ನಿಲ್ಲಿಸಿದರೆ ಇಡೀ ಊರಿನ ಕೊಳಚೆ ಮಿಶಿಗನ್ ಸರೋವರಕ್ಕೆ ಹೋಗುತ್ತೆ, ನಷ್ಟ ದುಡ್ಡಲ್ಲಿ ತುಂಬಿಸಿಕೊಳ್ಳಿ, ಘಟಕ ಓಡಲಿ ಅಂದಿತು. ಕಾನೂನು ಓದೋ ಹುಡುಗರಿಗೆ ಅಮೆರಿಕದಲ್ಲಿ ಇವತ್ತಿಗೂ ಅದನ್ನ ಪಾಠ ಮಾಡ್ತಾರೆ.

ಬೆಂಗಳೂರಿಗೆ ಬಂದ ಫೌಲರ್ 1921ರಲ್ಲಿ ಇನ್‌ಸ್ಟಿಟ್ಯೂಟಿನಲ್ಲಿ ಜೀವರಸಾಯನ ವಿಭಾಗ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. 1924ರವರೆಗೆ ಇಲ್ಲಿದ್ದರು. ಅವರು ಹೋದ ಮೇಲೂ ಆ ವಿಭಾಗ ಕೊಳಚೆಯನ್ನ ಬಿಡಲಿಲ್ಲ. 1942ರಲ್ಲಿ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 'ನೇಚರ್' ಪತ್ರಿಕೆಯಲ್ಲಿ ಒಂದು ಸಣ್ಣ ಬರಹ ಪ್ರಕಟಿಸಿದರು. ಈ ಗಸಿಯಲ್ಲಿ ಬ್ಯಾಕ್ಟೀರಿಯಾ ಮಾತ್ರ ಕೆಲಸ ಮಾಡೋದಲ್ಲ, ಪ್ರೋಟೊಜೋವಗಳದ್ದು ಅದಕ್ಕಿಂತ ದೊಡ್ಡ ಪಾತ್ರ ಅಂತ. ಕಾಂಡದ ತುದಿಯಲ್ಲಿ ಗಂಟೆ ಕಟ್ಟಿದ ಹಾಗೆ ಕಾಣೋ ಏಕಕೋಶ ಜೀವಿಗಳು ಇವು, ನೀರಲ್ಲಿ ತೇಲಾಡೋ ಬ್ಯಾಕ್ಟೀರಿಯಾಗಳನ್ನ ಬಾಚಿ ತಿಂದು ನೀರನ್ನ ತಿಳಿ ಮಾಡ್ತವೆ. ಅವರು ಈ ಜೀವಿಗಳಿಗೆ ಕೊಟ್ಟಷ್ಟು ಮಹತ್ವವನ್ನ ಎಲ್ಲರೂ ಒಪ್ಪಲಿಲ್ಲ. ಆದರೆ 1968ರಲ್ಲಿ ಇಂಗ್ಲೆಂಡಿನಲ್ಲಿ ಕರ್ಡ್ಸ್ ಮತ್ತು ಸಂಗಡಿಗರು ಈ ಜೀವಿಗಳನ್ನ ತೆಗೆದು ಒಂದು ಸಲ, ಬಿಟ್ಟು ಒಂದು ಸಲ ಪ್ರಯೋಗ ಮಾಡಿ ತೋರಿಸಿದರು. ಅವು ಇಲ್ಲದಿದ್ದರೆ ನೀರು ಬಗ್ಗಡ, ಇದ್ದರೆ ತಿಳಿ. ಸುಬ್ರಹ್ಮಣ್ಯನ್ ಆಮೇಲೆ ಮೈಸೂರಿನ ಸಿಎಫ್‌ಟಿಆರ್‌ಐ ನಿರ್ದೇಶಕರಾದರು, ಜನ ಅವರನ್ನ ಆಹಾರದ ಕೆಲಸಕ್ಕೆ ನೆನೀತಾರೆ. ಬೆಂಗಳೂರಿನ ಕೊಳಚೆಯಲ್ಲಿ ಕಂಡ ವಿಷಯಕ್ಕೆ ನೆನೆಯೋರು ಕಮ್ಮಿ.

ನಮ್ಮ ದೇಶದಲ್ಲಿ ಇದನ್ನ ಕಲಿಸಿದ ಕಥೆಯಲ್ಲಿ ಹೆಸರುಗಳು ಬದಲಾಗ್ತಾ ಹೋಗಿದ್ದೇ ಒಂದು ಚರಿತ್ರೆ. ಮೊದಲು ಸ್ಯಾನಿಟರಿ, ಆಮೇಲೆ ಪಬ್ಲಿಕ್ ಹೆಲ್ತ್, ಆಮೇಲೆ ಎನ್ವಿರಾನ್‌ಮೆಂಟಲ್. ಕಲ್ಕತ್ತದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ದುಡ್ಡಿನಲ್ಲಿ 1932ರಲ್ಲಿ ಶುರುವಾದ ಸಂಸ್ಥೆಯ ಹೆಸರಲ್ಲಿ ಹೈಜೀನ್ ಇತ್ತು. ನಾಗಪುರದಲ್ಲಿ 1958ರಲ್ಲಿ ತೆರೆದ ಕೇಂದ್ರದ ಹೆಸರಲ್ಲಿ ಪಬ್ಲಿಕ್ ಹೆಲ್ತ್ ಎಂಜಿನಿಯರಿಂಗ್ ಇತ್ತು, 1974ರಲ್ಲಿ ಅದು ನೀರಿ ಆಗಿ ಪರಿಸರ ಅನ್ನೋ ಪದ ಬಂತು. ಜಲ ಮಾಲಿನ್ಯ ಕಾಯಿದೆಯೂ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷದವು. ಹೆಸರು ದೊಡ್ಡದಾಗ್ತಾ ಹೋದಂತೆ ಟೈಫಾಯ್ಡು, ಸಾವು, ರೋಗಿ ಅನ್ನೋದೆಲ್ಲ ಹಿಂದಕ್ಕೆ ಸರಿದವು ಅಂತ ನನ್ನ ಅನುಮಾನ. ಮೈಸೂರಿನ ಎಸ್‌ಜೆಸಿಇಯಂಥ ಕೆಲವೇ ಕಡೆ ಇದಕ್ಕೇ ಪ್ರತ್ಯೇಕ ಬಿಇ ವಿಭಾಗ ನಡೆದುಬಂದಿದೆ. ಉಳಿದ ಕಡೆ ಸಿವಿಲ್ ಓದೋರಿಗೆ ಒಂದೆರಡು ಪೇಪರ್, ಅಷ್ಟೆ.

ಸಿವಿಲ್ ಓದಿದ ನನ್ನ ಗೆಳೆಯನೊಬ್ಬನಿಗೆ ಏರೇಷನ್ ಟ್ಯಾಂಕಿನ ಅಳತೆ ಲೆಕ್ಕ ಹಾಕೋದು ಬಾಯಿಪಾಠ. ಗಸಿಯನ್ನ ಮೈಕ್ರೋಸ್ಕೋಪಿನಲ್ಲಿ ಯಾವತ್ತಾದರೂ ನೋಡಿದ್ದೀಯಾ ಅಂದರೆ ಇಲ್ಲ ಅಂದ. ಬಿಓಡಿ ಪರೀಕ್ಷೆಯನ್ನೇ ತಗೊಳ್ಳಿ. ನೀರಿನಲ್ಲಿರೋ ಹೊಲಸು ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯೋದು. ಪುಸ್ತಕದಲ್ಲಿ ಐದು ದಿನ, 20 ಡಿಗ್ರಿ ಅಂತ ಇರುತ್ತೆ. ಇದರ ಬೇರು ಬ್ರಿಟಿಷ್ ರಾಯಲ್ ಕಮಿಷನ್ನಿನ 1912ರ ವರದಿಯಲ್ಲಿದೆ. ಅಲ್ಲಿನ ನದಿಗಳು ಹುಟ್ಟಿದಲ್ಲಿಂದ ಸಮುದ್ರ ಸೇರೋಕೆ ಐದು ದಿನಕ್ಕಿಂತ ಜಾಸ್ತಿ ತಗೊಳ್ಳಲ್ಲ, ಅದಕ್ಕೇ ಐದು ಅಂತ ಹೇಳ್ತಾರೆ. ನಮ್ಮ ಕಾವೇರಿಗೂ ನಮ್ಮ ಸೆಕೆಗೂ ಆ ಲೆಕ್ಕ ಯಾಕೆ? ಅದಕ್ಕೇ ನಮ್ಮ ಮಾನದಂಡದಲ್ಲಿ ಮೂರು ದಿನ, 27 ಡಿಗ್ರಿ ಮಾಡಿಕೊಂಡರು. ಗೆಳೆಯನಿಗೆ ಎರಡೂ ಅಂಕಿ ಗೊತ್ತಿತ್ತು. ಯಾಕೆ ಬೇರೆ ಅಂತ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲವಂತೆ.

ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಹೊತ್ತು ಎಸ್‌ಟಿಪಿಯ ಬ್ಲೋವರ್ ಆಫ್ ಮಾಡಿ ಅಂತ ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೊಡೋ ಮಹನೀಯರು ಬಹುತೇಕ ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಸಿಗ್ತಾರೆ. ಅವರಲ್ಲಿ ಅರ್ಧ ಜನ ಎಂಜಿನಿಯರುಗಳೇ. ಗಾಳಿ ನಿಂತರೆ ಆ ಗಸಿಯಲ್ಲಿರೋ ಸಂಸಾರ ಕೆಲವು ಗಂಟೆಗಳಲ್ಲಿ ಉಸಿರುಗಟ್ಟೋಕೆ ಶುರುವಾಗುತ್ತೆ, ಕಂದು ಬಣ್ಣ ಕಪ್ಪಾಗುತ್ತೆ, ಕೊಳೆತ ಮೊಟ್ಟೆಯ ನಾತ ಬರುತ್ತೆ. ಇದು ಗೊತ್ತಿರೋದು ಹೆಚ್ಚಾಗಿ ಅಲ್ಲಿ ಕೆಲಸಕ್ಕಿರೋ ಆಪರೇಟರ್ ಹುಡುಗನಿಗೆ. ಒಂದು ಲೀಟರ್ ಜಾಡಿಯಲ್ಲಿ ಗಸಿ ನೀರು ತುಂಬಿ, ಅರ್ಧ ಗಂಟೆ ಬಿಟ್ಟು, ಎಷ್ಟು ಕೆಳಗೆ ಕೂತಿತು ಅಂತ ದಿನಾ ಬರೆದಿಡ್ತಾನೆ. ಘಟಕ ಸತ್ತುಹೋದರೆ ಬೇರೆ ಕಡೆಯ ಒಳ್ಳೆ ಎಸ್‌ಟಿಪಿಯಿಂದ ಟ್ಯಾಂಕರಿನಲ್ಲಿ ಗಸಿ ತರಿಸ್ತಾನೆ. ಅವನು ಯಾವ ವಿಶ್ವವಿದ್ಯಾಲಯದಲ್ಲೂ ಓದಿಲ್ಲ, ಸಂಬಳ ಎಷ್ಟು ಅಂತ ನಿಮ್ಮ ಅಸೋಸಿಯೇಷನ್ನಿನ ಲೆಕ್ಕದ ಹಾಳೆಯಲ್ಲಿ ನೋಡಿಕೊಳ್ಳಿ.

ನನಗೆ ಇದೆಲ್ಲ ಬೇಕಾಗಿದ್ದು ಯಾಕೆ ಅಂದ್ರೆ ನಾನು ಕೋಲಾರ ಸೀಮೆಯವನು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಶುದ್ಧೀಕರಿಸಿದ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಹರಿಸೋ ಯೋಜನೆ, ನೂರಕ್ಕೂ ಹೆಚ್ಚು ಕೆರೆ. ಮೊದಲ ತಿಂಗಳುಗಳಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಗಿ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ ಸ್ವಲ್ಪ ಕಾಲ ತಡೆ ಬಿದ್ದು ಮತ್ತೆ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನೋರ ವಾದ ಇನ್ನೂ ನಿಂತಿಲ್ಲ. ಈ ನೀರು ಕುಡಿಯೋಕಲ್ಲ, ಅಂತರ್ಜಲ ತುಂಬೋಕೆ ಅಂತ ಸರ್ಕಾರ ಹೇಳುತ್ತೆ. ಆದರೆ ಅಂತರ್ಜಲ ಅಂದರೆ ನಮ್ಮೂರಿನಲ್ಲಿ ಬೋರ್‌ವೆಲ್, ಬೋರ್‌ವೆಲ್ ಅಂದರೆ ಕುಡಿಯೋ ನೀರು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಕೆರೆ ತುಂಬಿ ನಿಂತಿರೋದನ್ನ ನೋಡಿದ ಖುಷಿಯೂ ಸುಳ್ಳಲ್ಲ. ಎಷ್ಟೋ ತೋಟಗಳು ಮತ್ತೆ ಹಸಿರಾಗಿವೆ. ಮೇಲೆ ಲೋವೆಲ್, ಕೆಳಗೆ ಲಾರೆನ್ಸ್. ನಾನು ಲೋವೆಲ್‌ನಲ್ಲಿ ಬಾಡಿಗೆ ಕಟ್ತೀನಿ, ನಮ್ಮಪ್ಪ ಅಮ್ಮ ಲಾರೆನ್ಸ್‌ನಲ್ಲಿದ್ದಾರೆ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ದೊಡ್ಡಪ್ಪ ಒಂದು ಬಿಸ್ಲೆರಿ ಬಾಟಲಿ ತುಂಬ ಕೆರೆ ನೀರು ಹಿಡಿದು ತಂದರು. "ಇಂಜಿನಿಯರ್ ಅಲ್ವೇನೋ ನೀನು, ಬೆಂಗ್ಳೂರ್ನಲ್ಲಿ ಟೆಸ್ಟ್ ಮಾಡ್ಸ್ಕೊಂಡ್ ಬಾ" ಅಂದರು. ಹಂಗಲ್ಲ ದೊಡ್ಡಪ್ಪ, ಇದನ್ನ ತೊಳೆದ ಬಾಟಲಿಯಲ್ಲಿ ಹಿಡಿದು, ಐಸ್ ಮಧ್ಯೆ ಇಟ್ಟು, ಬೇಗ ಲ್ಯಾಬಿಗೆ ಮುಟ್ಟಿಸಬೇಕು, ಬಸ್ಸಿನಲ್ಲಿ ಹಿಂಗೇ ತಗೊಂಡು ಹೋದರೆ ಒಳಗಿರೋವು ದಾರಿಯಲ್ಲೇ ತಿಂದುಕೊಂಡು ಲೆಕ್ಕ ತಪ್ಪಿಸಿಬಿಡ್ತವೆ ಅಂತ ವಿವರಿಸಿದೆ. ದೊಡ್ಡಪ್ಪ ಬಾಟಲಿಯನ್ನ ಬಿಸಿಲಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಅಂಗಾದ್ರೆ ಒಳಗೆ ಹುಳ ಇರೋದು ದಿಟ ಅಂತಾಯ್ತು" ಅಂದರು.